ಹಲಸಿನ ಮರದ ಮದ್ದು

ನೀಲಾವತಿ ತೀರಿಕೊಂಡ ಮೇಲೂ ಜನ ಮದ್ದು ಕೇಳಿಕೊಂಡು ಬರುವುದು ನಿಲ್ಲಲಿಲ್ಲ. ವಿಕ್ರೋಳಿಯಲ್ಲಿ ಅವಳಿದ್ದ ಚಾಳಿನ ಹಿಂದೆ, ಕಂಪೌಂಡ್ ಗೋಡೆಗೆ ಒರಗಿಕೊಂಡು ಒಂದು ಹಳೆಯ ಹಲಸಿನ ಮರ. ಅದರ ಬೊಡ್ಡೆಯಲ್ಲಿ ಎಮ್ಮೆಯ ಗೊರಸಿನಂಥ ಕಂದು ಅಣಬೆಗಳು, ಗೋಡೆಗೆ ಹಲಗೆ ಹೊಡೆದ ಹಾಗೆ, ಒಂದರ ಮೇಲೊಂದು ಬೆಳೆದಿದ್ದವು. ಚಾಳಿನ ಮರಾಠಿ ಹೆಂಗಸರು ಅದಕ್ಕೆ ಫಣಸಾಂಬಾ ಅನ್ನುತ್ತಿದ್ದರು. ನೀಲಾವತಿ ಅದರಿಂದ ಒಂದು ಚೂರು ಕೆತ್ತಿ, ಕಲ್ಲಿನ ಮೇಲೆ ನೀರು ಹನಿಸಿ ತೇಯ್ದು, ಎಳೆಮಕ್ಕಳ ವಸಡಿಗೆ ಸವರುತ್ತಿದ್ದಳು. ಬಾಯಿಹುಣ್ಣಿಗೂ ಅದೇ, ಜೊಲ್ಲು ನಿಲ್ಲದಿದ್ದರೂ ಅದೇ, ಹೊಟ್ಟೆ ಕೆಟ್ಟರೂ ಅದೇ. ಒಣಗಿದ ತುಂಡಿಗೆ ಕೆಂಡ ತಾಗಿಸಿ ಬಾಗಿಲಲ್ಲಿಟ್ಟರೆ ಅದು ಉರಿಯದೆ, ಆರದೆ, ಸಂಜೆಯುದ್ದಕ್ಕೂ ಹೊಗೆಯಾಡಿ ಸೊಳ್ಳೆ ಓಡಿಸುತ್ತಿತ್ತು.

ಮದ್ದಿಗೆ ಬಂದವರನ್ನು ಸೊಸೆ ವಿನೋದಿನಿ ಹೊಸ್ತಿಲಿಂದಲೇ ಹಿಂದೆ ಕಳಿಸುತ್ತಿದ್ದಳು. ಆ ಅಣಬೆಯನ್ನು ಅವಳು ಒಮ್ಮೆಯೂ ಮುಟ್ಟಿದವಳಲ್ಲ. ಮೂವತ್ತು ವರ್ಷದ ಹಿಂದೆ ಅವಳ ಮೊದಲ ಮಗು ನಿಖಿತಾ ವಾಂತಿ ಭೇದಿಯಿಂದ ಬಾಡಿದಾಗ, ಆಸ್ಪತ್ರೆಗೆ ಹೋಗೋಣವೆಂದು ಅವಳು ಸೆರಗು ಸಿಕ್ಕಿಸಿ ನಿಂತಿದ್ದಳು. ಅತ್ತೆ ಮದ್ದು ತೇಯುತ್ತ, ಸಂಜೆವರೆಗೆ ನೋಡುವ ಎಂದಿದ್ದಳು. ಗಂಡ ಸುಕೇಶ್ ಘಾಟ್ಕೋಪರಿನ ಹೋಟೆಲಿನಲ್ಲಿ ಡ್ಯೂಟಿಯಲ್ಲಿದ್ದ. ಅತ್ತೆಯ ಮಾತು ಮೀರಿ ಹೋಗುವ ಧೈರ್ಯ ಆಗಿನ್ನೂ ಹುಡುಗಿಯಾಗಿದ್ದ ವಿನೋದಿನಿಗೆ ಬರಲಿಲ್ಲ. ಸಂಜೆಗೆ ಮಗು ಇರಲಿಲ್ಲ. ನೆತ್ತಿ ಬೊಗಸೆಯಂತೆ ಗುಳಿಬಿದ್ದಿತ್ತು. ಆಮೇಲೆ ಅತ್ತೆ ಸೊಸೆ ಒಂದೇ ಒಲೆಯಲ್ಲಿ ಬೇಯಿಸಿ ಉಂಡರು. ಆ ದಿನದ ಮಾತನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಸಾಯುವ ಮುಂಚೆ ನೀಲಾವತಿ ಏನೋ ಹೇಳಲು ಬಾಯಿ ತೆರೆದಿದ್ದಳು. ವಿನೋದಿನಿ ಎದ್ದು ನೀರು ತರಲು ಹೋದಳು.

ಅತ್ತೆ ಹೋದ ಮಳೆಗಾಲದಲ್ಲೇ ಆ ಸದ್ದು ಶುರುವಾಯಿತು. ಮಧ್ಯಾಹ್ನ ಚಾಳೆಲ್ಲ ಮಲಗಿದ ಹೊತ್ತಿಗೆ, ಹಿಂದಿನ ಮೋರಿಯ ಕಡೆಯಿಂದ ಕಲ್ಲಿನ ಮೇಲೆ ಏನೋ ತೇಯುವ ಸದ್ದು. ಹೋಗಿ ನೋಡಿದರೆ ಯಾರೂ ಇಲ್ಲ. ಅತ್ತೆ ಮದ್ದು ತೇಯುತ್ತಿದ್ದ ಕಲ್ಲು ಮಾತ್ರ ಒದ್ದೆ. ಮಳೆಯ ಇರಚಲು ಎಂದು ಸುಕೇಶ್ ಹೇಳಿದ. ಮಳೆ ನಿಂತು ಬಿಸಿಲು ಬಂದ ಮೇಲೂ ಕಲ್ಲು ಒದ್ದೆಯಾಗಿಯೇ ಇತ್ತು. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಕತ್ತಿ ಹಿಡಿದು ಹೋಗಿ ಬೊಡ್ಡೆಯ ಅಣಬೆಗಳನ್ನೆಲ್ಲ ಕಡಿದು ಉರುಳಿಸಿದಳು. ಕಡಿದ ಜಾಗ ಹಳದಿಯಾಗಿ, ಕೀವುಗಟ್ಟಿದ ಗಾಯದಂತೆ ಕಂಡಿತು. ಅಂದಿನಿಂದ ತೇಯುವ ಸದ್ದು ನಿಂತಿತು. ಬದಲಿಗೆ, ಮರದ ಬುಡದಲ್ಲಿ ಯಾರೋ ಕುಳಿತು ತನ್ನ ಬಾಗಿಲನ್ನೇ ನೋಡುತ್ತಿದ್ದಾರೆ ಎಂಬ ಭಾವನೆ ಅವಳನ್ನು ಹಿಡಿದುಕೊಂಡಿತು. ಹಿಂಬಾಗಿಲಿಗೆ ಅಗುಳಿ ಹಾಕಿ, ತೆಗೆಯುವುದನ್ನೇ ಬಿಟ್ಟಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಆ ಅಗುಳಿಯ ಬಾಗಿಲನ್ನೇ ಯಾರೋ ತಟ್ಟಿದರು. ತಟ್ಟುವುದು ನಿಲ್ಲದಾಗ ವಿನೋದಿನಿ ಅಗುಳಿ ತೆಗೆದಳು. ಎದುರಿನ ಬಿಲ್ಡಿಂಗ್ ಕೆಲಸಕ್ಕೆ ವಿಜಾಪುರದ ಕಡೆಯಿಂದ ಹೊಸದಾಗಿ ಬಂದಿದ್ದ ಹನುಮವ್ವ, ತೋಳಿನಲ್ಲಿ ತನ್ನ ಕೂಸು ಸಂತು. ಕೂಸಿಗೆ ಎರಡು ದಿನದಿಂದ ಭೇದಿ, ಬಾಯೆಲ್ಲ ಹುಣ್ಣು. ಯಾರೋ ಮರದ ಮದ್ದಿನ ವಿಷಯ ಹೇಳಿದ್ದರಂತೆ. ಮದ್ದು ಇಲ್ಲವೆಂದು ವಿನೋದಿನಿ ಬಾಗಿಲು ಮುಚ್ಚಲು ಹೋದಳು.

"ಮದ್ದು ಬ್ಯಾಡ ಅಂತ ಅಕೀನೂ ಹೇಳಿದ್ಳ್ರಿ ಅಕ್ಕಾರ," ಎಂದಳು ಹನುಮವ್ವ. "ಮರದ ಬುಡಕ ಒಬ್ಬಾಕಿ ಮುದುಕಿ ಕುಂತಾಳ. ಕೂಸಿನ ನೆತ್ತಿ ಮುಟ್ಟಿ ನೋಡಿದ್ಳು. ದವಾಖಾನಿಗಿ ಒಯ್ಯಿ, ಸಂಜೀತನಕ ನೋಡಬ್ಯಾಡ ಅಂದ್ಳು. ಈ ಬಾಗಿಲಾ ತೋರಿಸಿ, ಅಕಿ ಕರಕೊಂಡು ಹೋಗ್ತಾಳ ಅಂದ್ಳು."

ವಿನೋದಿನಿ ಮರದ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಎಂಥ ಮುದುಕಿ?"

"ಎಡಗಿವಿ ಹಾಲಿ ಹರದಿತ್ರಿ."

ನೀಲಾವತಿಯ ಎಡಗಿವಿಯ ಹಾಲೆ, ಭಾರದ ಓಲೆ ಜಗ್ಗಿ, ಅವಳ ಮದುವೆಯ ವರ್ಷವೇ ಹರಿದಿತ್ತು. ವಿನೋದಿನಿ ಬಾಗಿಲು ಹಿಡಿದುಕೊಂಡೇ ಕೂಸಿನ ನೆತ್ತಿಯ ಮೇಲೆ ಬೆರಳಿಟ್ಟಳು. ಬೆರಳು ಗುಳಿಯೊಳಕ್ಕೆ ಇಳಿಯಿತು. ಚಪ್ಪಲಿ ಕೂಡ ಮೆಟ್ಟದೆ ರಸ್ತೆಗೆ ಓಡಿ ರಿಕ್ಷಾ ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ಕೂಸಿನ ಮೈಯ ನೀರೆಲ್ಲ ಬತ್ತಿದೆ ಎಂದರು. ನರ ಸಿಗಲು ಹೊತ್ತು ಹಿಡಿಯಿತು. ಸಲೈನ್ ಇಳಿಯತೊಡಗಿದ ಮೇಲೆ ಎಷ್ಟೋ ಹೊತ್ತಿಗೆ ಸಂತು ಕಣ್ಣು ಬಿಟ್ಟು ಅತ್ತ. ಆ ಅಳು ಕೇಳಿದ್ದೇ ವಿನೋದಿನಿ ವಾರ್ಡಿನ ಹೊರಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತಳು. ಮೂವತ್ತು ವರ್ಷ ಎದೆಯಲ್ಲಿ ಹೆಪ್ಪುಗಟ್ಟಿದ್ದು ಕಣ್ಣಲ್ಲಿ ಹರಿಯಿತು. ಹನುಮವ್ವ ಬಂದು ಅವಳ ಕೈ ಹಿಡಿದಳು.

"ಆ ಅಮ್ಮಗ ಹೇಳ್ರಿ ಅಕ್ಕಾರ, ಕೂಸು ಉಳೀತು ಅಂತ."

"ಹೇಳ್ತೇನೆ," ಎಂದಳು ವಿನೋದಿನಿ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸುಕೇಶ್ ಡ್ಯೂಟಿ ಮುಗಿಸಿ ಬಂದು, ದಾರಿಗೆ ಅಡ್ಡ ಕಾಲು ಚಾಚಿ ಟಿ.ವಿ. ನೋಡುತ್ತಿದ್ದ. ಅವರ ತುಳುನಾಡಿನ ಕ್ರಮದಲ್ಲಿ, ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಸತ್ತವರಿಗೆ ಎಡೆ ಬಡಿಸಿ, ಮನೆಯವರು ದನಿಯೆತ್ತಿ ಒಳಗೆ ಕರೆಯಬೇಕು. ಅತ್ತೆಯ ಬೊಜ್ಜದಲ್ಲಿ ವಿನೋದಿನಿಯ ತುಟಿ ಅಲ್ಲಾಡಿತ್ತೇ ಹೊರತು ಸ್ವರ ಹೊರಟಿರಲಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಅವಳು ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ ಬಡಿಸಿಟ್ಟು ಹಿಂಬಾಗಿಲನ್ನು ಅಗಲಕ್ಕೆ ತೆರೆದಳು. ಕತ್ತಲು ಕವಿಯುತ್ತಿದ್ದ ಮರದ ಕಡೆ ತಿರುಗಿ, ಕೂಸು ಉಳಿಯಿತೆಂದು ಹೇಳಿದಳು.

"ಮಾಮೀ, ಉಲಯಿ ಬಲೆ," ಎಂದು ಕರೆದಳು. ಒಳಗೆ ಬನ್ನಿ.

ಎಲೆಯೊಂದೂ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಯಾಕೆಂದು ತಿಳಿಯದೆಯೇ, ಅವಳು ಬಾಗಿಲ ಒಂದು ಬದಿಗೆ ಸರಿದು ನಿಂತಳು. ಒಳಗೆ ಸುಕೇಶ್ ಟಿ.ವಿ.ಯಿಂದ ಕಣ್ಣು ಕೀಳದೆ, ಯಾರಿಗೋ ದಾರಿ ಬಿಡುವವನಂತೆ ತನ್ನ ಚಾಚಿದ ಕಾಲುಗಳನ್ನು ಮಡಚಿಕೊಂಡ.