ನಿಮಗೆ ಅನುಮತಿ ಇಲ್ಲ

ಪರದೆಯ ನಡುವೆ ಬೂದು ಬಣ್ಣದ ಸಣ್ಣ ಚೌಕ, ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ — ನನಗೆ? ಸದಾನಂದನಿಗೆ, ನನ್ನದೇ ಮನೆಯಲ್ಲಿ? — ಮತ್ತೆ ಒತ್ತುತ್ತೇನೆ, ಮತ್ತೆ ಅದೇ ಚೌಕ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ಕಿಟಕಿಯಿಂದ ರಿಫೈನರಿಯ ವಾಸನೆ, ಚೆಂಬೂರಿನ ಈ ಎರಡು ಕೋಣೆಗಳಿಗೆ ವೈರ್ ಎಳೆದವನು ನಾನು, ಹಾಲ್‌ನಲ್ಲಿರುವ ನನ್ನ ಕಂಪ್ಯೂಟರಿಗೆ ಒಳಕೋಣೆಯ ಶ್ರೇಯಾಳ ಲ್ಯಾಪ್‌ಟಾಪ್ ಜೋಡಿಸಿದವನು ನಾನು, ಯಾರ ಫೋಲ್ಡರೂ ನನಗೆ ಮುಚ್ಚಿರಬಾರದು ಎಂದು ಅಂದೇ ಹೇಳಿದ್ದೆ, ಅವಳ ಕೋಣೆಯ ಚಿಲಕವನ್ನೂ ಬಿಚ್ಚಿ ಎಸೆದಿದ್ದೆ, ಹದಿನೇಳು ವರ್ಷದ ಮಗಳಿಗೆ ಅಪ್ಪನಿಂದ ಮುಚ್ಚಿಡುವಂಥದ್ದು ಏನಿದೆ, ಹುಡುಗನೇ ಇರಬೇಕು, ಕ್ಲಾಸಿನಿಂದ ಜೊತೆಗೆ ನಡೆದು ಬರುವ ಆ ಮನೀಶ್, ಅವನೇ — ನಾನು ಎದ್ದದ್ದು ಗೊತ್ತಿಲ್ಲ, ಕುರ್ಚಿ ಹಿಂದಕ್ಕೆ ಬಿದ್ದ ಸದ್ದಷ್ಟೇ ಕೇಳಿಸಿತು.

ಯಾಕ ಬಂದ್ ಮಾಡೀ, ತೆಗೀ ಅದನ್ನ, ಎನ್ನುತ್ತ ಒಳಕೋಣೆಗೆ ನುಗ್ಗಿದೆ, ಶ್ರೇಯಾ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪಪ್ಪಾ ಪ್ಲೀಸ್, ಅದು ನಂದು ಪರ್ಸನಲ್ ಅದ, ಆಪ್ ಮತ್ ದೇಖೋ, ನೋಡಬ್ಯಾಡ್ರಿ ಎಂದಳು, ಪರ್ಸನಲ್ ಅಂತೆ, ಬಲಗೈ ಹಿಡಿದು ತಿರುಚಿದೆ, ಮಣಿಕಟ್ಟಿನಲ್ಲಿ ಏನೋ ಚಟ್ಟೆಂದಿತು, ಅವಳು ಕಿರುಚಲಿಲ್ಲ, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು, ವಿಜಯಪುರದ ಮನೆಯಲ್ಲಿ ನನ್ನಪ್ಪ ಬೆಲ್ಟು ಬೀಸುವಾಗ ನಾನೂ ಕಿರುಚುತ್ತಿರಲಿಲ್ಲ, ಹಲ್ಲು ಕಚ್ಚಿ ಗೋಡೆಯ ಸುಣ್ಣ ನೋಡುತ್ತಿದ್ದೆ — ನಾಗರತ್ನಾ ಹಿಟ್ಟಿನ ಕೈಯಲ್ಲೇ ಓಡಿಬಂದು ನಡುವೆ ನಿಂತಳು, ಬಿಡ್ರೀ, ಹುಡುಗಿ ಕೈ ಮುರೀತದ, ಹೊಡೀಬೇಕಂದ್ರ ನನಗ ಹೊಡೀರಿ, ಹೊಡೆದೆ, ಹೆಂಡತಿಯ ತಲೆ ಕಪಾಟಿನ ಅಂಚಿಗೆ ಬಡಿಯಿತು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು, ಒರೆಸಿಕೊಂಡಲ್ಲೆಲ್ಲ ಹಿಟ್ಟು ಕೆಂಪಾಗಿ ಮೆತ್ತಿಕೊಂಡಿತು, ಆಗ ಶ್ರೇಯಾ, ಠೀಕ್ ಹೈ ಪಪ್ಪಾ, ನೋಡ್ರಿ, ಪೂರಾ ನೋಡ್ರಿ, ಎಂದು ಎಡಗೈಯಿಂದ ಒಂದೊಂದೇ ಅಕ್ಷರ ಒತ್ತಿ ಫೋಲ್ಡರ್ ತೆರೆದಳು.

ಮನೀಶ್ ಇಲ್ಲ, ಯಾವ ಹುಡುಗನೂ ಇಲ್ಲ, ಬರೀ ಫೋಟೊಗಳು, ಪ್ರತಿಯೊಂದರ ಕೆಳಗೂ ತಾರೀಖು, ಪ್ರತಿಯೊಂದರಲ್ಲೂ ನಾಗರತ್ನಾ, ಅವಳ ನೀಲಿಗಟ್ಟಿದ ತೋಳು, ಬೆನ್ನು, ಒಡೆದ ತುಟಿ, ದೀಪಾವಳಿಯ ಮರುದಿನ, ನನಗೆ ಬಡ್ತಿ ಸಿಕ್ಕ ದಿನ, ನಾನು ಮರೆತೇಬಿಟ್ಟಿದ್ದ ದಿನಗಳು, ಸಿರ್ಫ್ ನಿಮಗಷ್ಟ ಬಂದ್ ಇತ್ತು ಪಪ್ಪಾ, ಈಶ್ವರ ಮಾಮಾಗ ಎಲ್ಲಾ ಕಳಿಸೀನಿ, ನಾವು ಮಾಟುಂಗಾಕ್ಕ ಅವರ ಮನೀಗೆ ಹೋಗ್ತೀವಿ, ಅಲ್ಲಿಂದ ಪೊಲೀಸ್ ಸ್ಟೇಷನ್, ಎನ್ನುತ್ತಿದ್ದಾಳೆ ಮಗಳು, ಏಳ್ರಿ ಅವ್ವಾ, ಎನ್ನುತ್ತಿದ್ದಾಳೆ, ಚಪ್ಪಲಿಯ ಸದ್ದು, ಲಿಫ್ಟಿನ ಬಾಗಿಲು ಎಳೆದ ಸದ್ದು, ಓಡಬೇಕು, ತಡೆಯಬೇಕು, ಕೂದಲು ಹಿಡಿದು ಎಳೆದು ತರಬೇಕು, ಆದರೆ ಬೆರಳು ಮಾತ್ರ ಹೊಸ ಫೋಟೊದಿಂದ ಹಳೆಯದಕ್ಕೆ ಸರಿಯುತ್ತಿದೆ, ಎಲ್ಲದರಲ್ಲೂ ಗಾಯದ ಪಕ್ಕ ಪ್ಲಾಸ್ಟಿಕ್ ಸ್ಕೇಲು, ಗಾಯ ಎಷ್ಟು ಉದ್ದ ಎಂದು ತೋರಿಸಲು, ಅದನ್ನು ಹಿಡಿದ ಮಗಳ ಕೈ, ಉಗುರಿಗೆ ಬಣ್ಣ ಹಚ್ಚಿದ ಕೈ, ಸರಿಸಿದೆ, ಶಾಯಿ ಮೆತ್ತಿದ ಕೈ, ಸರಿಸಿದೆ, ಇನ್ನೂ ಸಣ್ಣದು, ಇನ್ನೂ, ಕೊನೆಯದರ ತಾರೀಖು ಒಂಬತ್ತು ವರ್ಷ ಹಿಂದಿನದು, ಎರಡು ಪುಟ್ಟ ಬೆರಳು, ಸ್ಕೇಲು, ಅಲುಗಾಡಿ ಮಸುಕಾದ ಫೋಟೊ, ನಾಲ್ಕು ಸೆಂಟಿಮೀಟರ್, ಎರಡು ಪುಟ್ಟ ಬೆರಳು, ಸ್ಕೇಲು —