ಅಪಾ ಸೀಟಿನಲ್ಲಿ ಟಗರು

ಅಮ್ಮನನ್ನು ನಾವು ಅಪಾ ಎಂದೇ ಕರೆಯುವುದು. ಸೊಂಟದ ಆಪರೇಷನ್ ಆಗಿ ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಮರುದಿನ ಮನೆಗೆ ಕರೆತರಬೇಕು. ಗಾಡಿ ಕುಲುಕಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಇರುವುದೊಂದೇ ಕಾರು, ಅಪ್ಪನ ಕಾಲದ ಝಿಗುಲಿ. ಅದೋ, ಗುಂಡಿ ಸಿಕ್ಕಾಗಲೆಲ್ಲ ಕಿರುಚಿ, ಧಡ್ಡೆಂದು ಬಡಿದು, ಕೂತವರ ಎಲುಬುಗಳನ್ನೆಲ್ಲ ಎಣಿಸಿಬಿಡುತ್ತಿತ್ತು.

ಅಂಗಳದ ಒಣ ಕಾಲುವೆಯ ಎರಡೂ ದಡಕ್ಕೆ ಚಕ್ರ ಬರುವಂತೆ ಕಾರು ನಿಲ್ಲಿಸಿ, ಜಾಕ್ ಕೊಟ್ಟು, ಕೆಳಗೆ ತೂರಿಕೊಂಡೆ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳುಗಳ ರಬ್ಬರ್ ಬುಷ್‌ಗಳು ಉಬ್ಬಿ, ಮೆತ್ತಗಾಗಿ, ಬೆರಳಿಗೇ ಅಂಟಿಕೊಂಡು ಬಂದವು. ಮೂಸಿದರೆ ಕುರಿ ವಾಸನೆ!

"ಅಣ್ಣಾ, ಇದಕ್ಕೇನು ಹಚ್ಚಿದ್ದೆ?"

ದುಯ್ಶೋನ್ ಅಣ್ಣ ಗಡ್ಡ ಕೆರೆದುಕೊಂಡ. "ಕುರಿ ಬಾಲದ ಕೊಬ್ಬು ಕಣೋ. ಕಿರ್ ಅಂತಿತ್ತು. ಕೆಮ್ಮಿದ್ರೆ ಎದೆಗೆ ಹಚ್ತೀವಿ, ಬೂಟಿಗೆ ಹಚ್ತೀವಿ, ಕುದುರೆ ಜೀನಿಗೆ ಹಚ್ತೀವಿ. ಈ ಕಾರೇನು ಆಕಾಶದಿಂದ ಇಳಿದು ಬಂತಾ?"

"ಪುಣ್ಯ, ಈರುಳ್ಳಿ ಹಾಕಿ ಹುರೀಲಿಲ್ಲ ನಿಮ್ಮಣ್ಣ," ಎಂದರು ಬುರುಲ್ ಅತ್ತಿಗೆ.

ಕೊಬ್ಬು ರಬ್ಬರನ್ನು ತಿನ್ನುತ್ತದೆ. ಸಂತೆಯಿಂದ ಹೊಸ ಬುಷ್ ತಂದು, ಸೋಪು ನೀರು ಸವರಿ ಕೂರಿಸಿದೆ. ಅದು ಒಣಗಿಹೋಗುತ್ತದೆ, ರಬ್ಬರಿಗೆ ಕೇಡಿಲ್ಲ. ಗ್ರೀಸ್ ಸೋಕಿಸಿದ್ದು ಬೋಲ್ಟಿಗೆ ಮಾತ್ರ. ಅಣ್ಣ ಆಗಲೇ ಸ್ಪ್ಯಾನರ್ ಹಿಡಿದು ಬಂದ.

"ಬಿಗಿದ್ಬಿಡ್ಲಾ?"

"ತಡಿಯಣ್ಣ! ಗಾಡಿ ಇನ್ನೂ ಜಾಕ್ ಮೇಲಿದೆ. ಈಗ ಬಿಗಿದ್ರೆ, ಕೆಳಗಿಳಿಸಿದಾಗ ರಬ್ಬರ್ ತಿರುಚ್ಕೊಂಡು ಹರಿಯುತ್ತೆ. ಚಕ್ರ ನೆಲಕ್ಕೂರಿ, ಜನ ಕೂತ ಮೇಲೇ ಬಿಗೀಬೇಕು."

ಚಕ್ರ ಹಾಕಿ ಇಳಿಸಿದೆವು. ಅಣ್ಣ ಮುಂದೆ ಕೂತ, ಅತ್ತಿಗೆ ಹಿಂದೆ. ಅಪಾ ಜಾಗ ಖಾಲಿ. ಅತ್ತಿಗೆಯ ಕಣ್ಣು ಕೊಟ್ಟಿಗೆಯತ್ತ ಹೋಯಿತು. ಅಪಾ ಮನೆಗೆ ಬಂದ ಸಂತೋಷಕ್ಕೆ ಕೊಯ್ಯಲೆಂದು ತಂದ ಟಗರು ಅಲ್ಲಿತ್ತು.

"ಅತ್ತೆ ತೂಕ ಇರೋದು ಇದಕ್ಕೊಂದೇ. ಅವರ ಮುಂದೆ ಮಾತ್ರ ಹೇಳ್ಬೇಡಪ್ಪಾ."

ಟಗರನ್ನು ಹತ್ತಿಸಿ, ಅತ್ತಿಗೆ ಅದರ ಕೊಂಬು ಹಿಡಿದುಕೊಂಡರು. ನಾನು ಕಾಲುವೆಯಲ್ಲಿ ಅಂಗಾತ ಮಲಗಿ ಒಂದೊಂದೇ ಬೋಲ್ಟು ಬಿಗಿದೆ. ಮೇಲಿಂದ ಅಣ್ಣನ ಕೂಗು: "ಬೇಗ ಮುಗ್ಸೋ, ನನ್ನ ಟೋಪಿ ತಿಂತಾ ಇದೆ!"

ಮರುದಿನ ಅಪಾಳನ್ನು ಕೂರಿಸಿಕೊಂಡು ಹೊರಟೆವು. ಮುರುಕು ಸೇತುವೆ ಬಂದಾಗ ಉಸಿರು ಬಿಗಿಹಿಡಿದೆ. ಕಿರುಚಲಿಲ್ಲ, ಬಡಿಯಲಿಲ್ಲ. ಕಾರು ಮೆತ್ತಗೆ ತಗ್ಗಿ ಎದ್ದಿತು, ಅಷ್ಟೇ. ಕನ್ನಡಿಯಲ್ಲಿ ನೋಡಿದರೆ ಅಪಾ ಅತ್ತಿಗೆಯ ಹೆಗಲಿಗೊರಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಅಂಗಳದಲ್ಲಿ ಕಣ್ಣು ಬಿಟ್ಟಳು. "ಯಾಕೋ ನಿಲ್ಸಿದೆ?"

"ಮನೆ ಬಂತು, ಅಪಾ. ನೋವಾಯ್ತಾ?"

"ಎಲ್ಲಿ ನೋವು? ಜೋಂಪು ಹತ್ತಿತ್ತಲ್ಲೋ."

ನಿನ್ನೆಯಿಂದ ಬಿಗಿದುಕೊಂಡಿದ್ದ ನನ್ನ ಹೆಗಲು ಆಗ ಸಡಿಲವಾಯಿತು. ಅಪಾ ಮೂಗು ಅರಳಿಸಿದಳು.

"ಅದಿರ್ಲಿ, ಈ ಸೀಟಲ್ಲಿ ನನಗಿಂತ ಮುಂಚೆ ಯಾರು ಕೂತಿದ್ರು?"

ಅಣ್ಣ ಅರ್ಧ ಮಾತ್ರ ಉಳಿದಿದ್ದ ಟೋಪಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಕೊಟ್ಟಿಗೆಯಿಂದ ಟಗರು ಮ್ಯಾ ಎಂದಿತು.