ಕುರಿಚರ್ಮದ ಮೆತ್ತನೆಯ ಜೋಡು

ಸಕ್ಕರೆ ಕಾಯಿಲೆಯಿಂದ ಶಿವದೇವಿಯ ಅಂಗಾಲುಗಳು ಮರಗಟ್ಟಿದ್ದವು. ಇನ್ನೊಂದು ಗಾಯವಾದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು, ಮನೆಯೊಳಗೂ ಬರಿಗಾಲು ಬೇಡವೆಂದು ಡಾಕ್ಟರು ಎಚ್ಚರಿಸಿದ್ದರು. ಆಬಿಡ್ಸ್ ಪೇಟೆಯ ಅಂಗಡಿಯಲ್ಲಿ ಗಂಡ ಅಮರೇಶಪ್ಪ, ಒಳಗೂ ಹೊರಗೂ ಒದಗುವ ಕುರಿಚರ್ಮದ ಚಪ್ಪಲಿ ಜೋಡೊಂದನ್ನು ಆರಿಸಿ, ಹೊಲಿಗೆ ಎಲ್ಲಾದರೂ ಚುಚ್ಚೀತೇ ಎಂದು ಒಳಗಿನ ಉಣ್ಣೆಯನ್ನು ಸವರಿ ನೋಡಿ, ಆಕೆಯ ಪಾದಕ್ಕೆ ತೊಡಿಸಿದರು.

“ಮೆತ್ತಗ ಅದಾವೇನ?”

“ನನಗೇನ ತಿಳೀತೈತ್ರಿ? ನೀವ ಹಾಕ್ಕೊಂಡು ಹೇಳ್ರಿ!” ಎಂದು ಆಕೆ ನಕ್ಕಳು.

ಮಲ್ಕಾಜ್‌ಗಿರಿಯ ಮನೆ ಮುಟ್ಟಿದೊಡನೆ ಆಕೆ ಚಪ್ಪಲಿಯನ್ನು ಹೊಸ್ತಿಲಾಚೆ ಕಳಚಿದಳು.

“ಒಳಗೂ ಹಾಕ್ಕೋ ಅಂದಾರಲ್ಲ ಡಾಕ್ಟ್ರು?”

“ಲಿಂಗಪೂಜಿ ಮಾಡೋ ಮನ್ಯಾಗ ಚರ್ಮ ಮೆಟ್ಟಿ ಅಡ್ಡಾಡು ಅಂತೀರೇನ್ರಿ? ಕಾಲು ಹೋದ್ರ ಹೋಗ್ಲಿ.”

ಅಮರೇಶಪ್ಪ ದಿನವಿಡೀ ಆಕೆಯ ಕಾಲನ್ನು ಕಾಯಲಾಗದೆಂದು ತಿಳಿದಿದ್ದರೂ, ಕಸಬರಿಗೆ ಹಿಡಿದು, ಆಕೆ ಕಾಲಿಡಲಿದ್ದ ನೆಲವನ್ನು ಮುಂದೆ ಮುಂದೆ ಗುಡಿಸುತ್ತ ನಡೆದರು.